ಹಡಗಿನ ಭೋಜನ ಮತ್ತು ಶ್ರಾವಕನ ಉಡುಪು

ಉಣ್ಣುವುದು, ಉಡುವುದು ಇವೆರಡೂ ಗೃಹಸ್ಥನ ನಿತ್ಯದ ಕ್ರಿಯೆಗಳು. ಉಣ್ಣುವ ವಿಷಯದಲ್ಲಿ ಜೈನ ಮನೆತನಗಳು ತಲೆಮಾರುಗಳಿಂದ ಎಚ್ಚರ ವಹಿಸುತ್ತ ಬಂದಿವೆ. ಯಾವುದು ಭಕ್ಷ್ಯ, ಯಾವುದು ಅಭಕ್ಷ್ಯ, ಯಾವ ಹೊತ್ತಿನೊಳಗೆ ಊಟ ಮುಗಿಯಬೇಕು ಎಂಬುದು ಆ ಮನೆಗಳ ಮಕ್ಕಳಿಗೂ ತಿಳಿದಿರುತ್ತದೆ. ಉಡುವ ವಿಷಯದಲ್ಲಿ ಅಷ್ಟು ಎಚ್ಚರ ಕಾಣುವುದಿಲ್ಲ. ಅಂಗಡಿಯಲ್ಲಿ ದೊರೆತದ್ದನ್ನು, ನಾಲ್ಕು ಜನ ಮೆಚ್ಚಿದ್ದನ್ನು ಉಡುವುದೇ ರೂಢಿಯಾಗಿದೆ. ಈ ಎರಡು ವಿಷಯಗಳೂ ಒಮ್ಮೆಗೇ ಪರೀಕ್ಷೆಗೆ ಬರುವ ಒಂದು ಸ್ಥಳ ಈಚಿನ ವರ್ಷಗಳಲ್ಲಿ ಜೈನ ಕುಟುಂಬಗಳಿಗೂ ಪರಿಚಯವಾಗುತ್ತಿದೆ. ಅದು ವಿಹಾರಕ್ಕೆ ಹೊರಟ ಹಡಗಿನ ರಾತ್ರಿಯ ಭೋಜನಶಾಲೆ.

ಮುಂಬಯಿಯಿಂದ ಗೋವೆ, ಲಕ್ಷದ್ವೀಪಗಳ ಕಡೆಗೆ ಪ್ರವಾಸಿಗಳನ್ನು ಕರೆದೊಯ್ಯುವ ಕಾರ್ಡೀಲಿಯಾ ಹಡಗಿನ ಯಾನ 2021ರಲ್ಲಿ ಆರಂಭವಾಯಿತು. ಅದರಲ್ಲಿ ಜೈನ ಅಡುಗೆಯೂ ದೊರೆಯುವುದೆಂದು ಪ್ರಚಾರ ಮಾಡಲಾಯಿತು. ಪರದೇಶದಲ್ಲಿ ನೆಲೆಸಿದ ಮಕ್ಕಳು ತಂದೆ ತಾಯಿಗಳನ್ನು ಕರೆಸಿಕೊಂಡು ಅಲ್ಲಿಯ ಹಡಗುಗಳಲ್ಲಿ ವಾರಗಟ್ಟಲೆ ಸುತ್ತಾಡಿಸುವುದೂ ಉಂಟು. ಸೇಡಂ, ಚಿತ್ತಾಪುರ, ಶಹಾಬಾದ್‌ಗಳ ಕುಟುಂಬಗಳಿಗೆ ಸಮುದ್ರವು ದೂರದ ಮಾತಾದರೂ, ವಾಡಿ ಜಂಕ್ಷನ್‌ನಲ್ಲಿ ರಾತ್ರಿ ರೈಲು ಹತ್ತಿದವರು ಮರುದಿನ ಮುಂಬಯಿಯಲ್ಲಿ ಇಳಿಯುತ್ತಾರೆ. ಚಿಂಚೋಳಿಗೆ ರೈಲು ಇಲ್ಲದ ಕಾರಣ ಅಲ್ಲಿಯವರು ಮೊದಲು ಬಸ್ಸು ಹಿಡಿಯಬೇಕು, ಅಷ್ಟೇ ವ್ಯತ್ಯಾಸ.

ಇಂಥ ಒಂದು ಮನೆಗೆ ಹಡಗಿನ ಟಿಕೆಟ್ಟಿನ ಜೊತೆಗೆ ಸೂಚನಾಪತ್ರವೂ ಬಂದಿತೆಂದು ಭಾವಿಸಬಹುದು. ಇಂತಿಂಥ ರಾತ್ರಿ ಭೋಜನಕ್ಕೆ ಔಪಚಾರಿಕ ಉಡುಪಿನಲ್ಲಿ ಬರಬೇಕೆಂದು ಅದರಲ್ಲಿದೆ. ಮಗನು, “ಅಪ್ಪಾ, ಅಲ್ಲಿ ಧೋತರ ನಡೆಯಂಗಿಲ್ಲ, ಒಂದು ಸೂಟು ಹೊಲಿಸ್ಕೋರಿ” ಎನ್ನುತ್ತಾನೆ. ತಾಯಿ ಪೆಟ್ಟಿಗೆಯಿಂದ ಮದುವೆಯ ರೇಷ್ಮೆ ಸೀರೆಯನ್ನು ತೆಗೆದು ಬಿಸಿಲಿಗೆ ಹರವುತ್ತಾಳೆ. ಮೂಲೆಯಲ್ಲಿ ಕುಳಿತ ಅಜ್ಜಿ ಮಾತ್ರ, “ಹೊತ್ತು ಮುಳುಗಿದ ಮ್ಯಾಲೆ ಉಣ್ಣಂಗೇ ಇಲ್ಲ ಅಂದಮ್ಯಾಲೆ ಉಡೋದ್ರ ಚಿಂತಿ ಯಾಕ?” ಎಂದು ಕೇಳುತ್ತಾಳೆ. ಈ ಮೂರು ಮಾತುಗಳಲ್ಲಿ ಯಾವುದನ್ನೂ ತಳ್ಳಿಹಾಕುವಂತಿಲ್ಲ. ಮಗನಿಗೆ ತಂದೆ ನಗೆಗೀಡಾಗಬಾರದೆಂಬ ಕಾಳಜಿ. ತಾಯಿಗೆ ಮನೆತನದ ಗೌರವ ಉಳಿಯಬೇಕೆಂಬ ಆಸೆ. ಅಜ್ಜಿಗೆ ವ್ರತದ ನೆನಪು.

ಹಡಗಿನವರು ನಿಜವಾಗಿ ಕೇಳುವುದೇನೆಂಬುದನ್ನು ಮೊದಲು ತಿಳಿಯಬೇಕು. ಹೆಚ್ಚಿನ ಹಡಗುಗಳಲ್ಲಿ ಹಗಲು ಯಾವ ಕಟ್ಟುಪಾಡೂ ಇಲ್ಲ. ವಾರದ ಯಾನದಲ್ಲಿ ಒಂದೆರಡು ರಾತ್ರಿ ಮಾತ್ರ ದೊಡ್ಡ ಭೋಜನಶಾಲೆಗೆ ಸೊಗಸಾದ ಉಡುಪಿನಲ್ಲಿ ಬರಬೇಕೆಂಬ ನಿಯಮವಿರುತ್ತದೆ. ಗಂಡಸರಿಗೆ ಕಪ್ಪು ಕೋಟು, ಟೈ. ಹೆಂಗಸರಿಗೆ ನೀಳವಾದ ಉಡುಪು. ಇಂಗ್ಲೆಂಡಿನ ಹಳೆಯ ಕಂಪನಿಗಳು ಈ ಸಂಪ್ರದಾಯವನ್ನು ಇಂದಿಗೂ ಉಳಿಸಿಕೊಂಡಿವೆ. ಉಳಿದ ಅನೇಕ ಕಂಪನಿಗಳು ಬಹಳಷ್ಟು ಸಡಿಲಿಸಿವೆ. ಆದರೆ ಕಟ್ಟುನಿಟ್ಟಾದ ಕಂಪನಿಗಳಲ್ಲಿಯೂ ಅವರವರ ದೇಶದ ಔಪಚಾರಿಕ ಉಡುಪಿಗೆ ಸಾಮಾನ್ಯವಾಗಿ ಮಾನ್ಯತೆಯುಂಟು. ಕಟ್ಟುಪಾಡು ಬೇಡವೆನ್ನುವವರು ಅದೇ ಹಡಗಿನ ಇನ್ನೊಂದು ಶಾಲೆಯಲ್ಲಿ ತಾವೇ ಬಡಿಸಿಕೊಂಡು ಉಣ್ಣಬಹುದು. ಅಂದಮೇಲೆ ‘ಧೋತರ ನಡೆಯಂಗಿಲ್ಲ’ ಎಂಬುದು ಬಹುಪಾಲು ಮನೆಯಲ್ಲಿಯೇ ಹುಟ್ಟಿದ ಭಯ, ಹಡಗಿನವರ ಆಜ್ಞೆಯಲ್ಲ.

ಭೋಜನಕ್ಕೆ ಇಂಥದೇ ಉಡುಪಿರಬೇಕೆಂಬ ವಿಚಾರವು ಜೈನರಿಗೆ ಹೊಸತೂ ಅಲ್ಲ, ಪರದೇಶದ್ದೂ ಅಲ್ಲ. ದಿಗಂಬರ ಮುನಿಗಳಿಗೆ ಆಹಾರದಾನ ಮಾಡುವ ಶ್ರಾವಕನ ಮನೆಯಲ್ಲಿ ಇರುವಷ್ಟು ಕಟ್ಟುನಿಟ್ಟು ಯಾವ ಹಡಗಿನಲ್ಲಿಯೂ ಇರಲಾರದು. ಆಹಾರ ಕೊಡುವವನು ಮಿಂದು, ಒಗೆದು ಒಣಗಿಸಿದ ಶುದ್ಧವಾದ ಧೋತರ ಮತ್ತು ಉತ್ತರೀಯವನ್ನು ಧರಿಸಬೇಕು. ಮನಶುದ್ಧಿ, ವಚನಶುದ್ಧಿ, ಕಾಯಶುದ್ಧಿ, ಆಹಾರಶುದ್ಧಿಗಳನ್ನು ಬಾಯಿಬಿಟ್ಟು ಹೇಳಬೇಕು. ಅತಿಥಿಯಾಗಿ ಬಂದ ಮುನಿಗಾದರೋ ವಸ್ತ್ರವೇ ಇಲ್ಲ. ಅವರು ಹಗಲಿನಲ್ಲಿ ಒಮ್ಮೆ ಮಾತ್ರ, ನಿಂತುಕೊಂಡು, ಕೈಗಳನ್ನೇ ಪಾತ್ರೆಯಾಗಿಸಿ ಆಹಾರ ಸ್ವೀಕರಿಸುತ್ತಾರೆ. ಶಹಾಬಾದಿನ ಫರಸಿ ಹಾಸಿದ ನಡುಮನೆಗಳಲ್ಲಿ ಇಂಥ ಆಹಾರದಾನವನ್ನು ಕಂಡವರಿಗೆ ಒಂದು ಮಾತು ಸ್ಪಷ್ಟವಾಗಿರಬೇಕು. ಅಲ್ಲಿ ಉಡುಪಿನ ನಿಯಮವಿರುವುದು ಉಟ್ಟವನ ಅಂತಸ್ತನ್ನು ತೋರಿಸಲಿಕ್ಕಲ್ಲ. ಎದುರಿಗೆ ನಿಂತವರ ಮೇಲಿನ ಆದರವನ್ನು ತೋರಿಸಲಿಕ್ಕೆ. ಈ ಅಳತೆಗೋಲನ್ನು ಹಿಡಿದು ನೋಡಿದರೆ ಹಡಗಿನ ನಿಯಮವನ್ನು ಹಳಿಯುವ ಕಾರಣವಿಲ್ಲ. ನೂರಾರು ಜನ ಒಟ್ಟಿಗೆ ಕುಳಿತುಕೊಳ್ಳುವಲ್ಲಿ ಶುಚಿಯಾಗಿ, ಮಾನವಾಗಿ ಉಟ್ಟು ಬನ್ನಿರೆಂದು ಕೇಳುವುದು ಸರಿಯಾದ ಮಾತೇ. ಆ ಆದರವನ್ನು ಯಾವ ಬಟ್ಟೆಯಿಂದ ಸಲ್ಲಿಸಬೇಕೆಂಬುದಷ್ಟೇ ಯೋಚಿಸತಕ್ಕ ವಿಷಯ.

ಹಡಗಿನ ಊಟ ಮತ್ತು ಉಡುಪುಗಳ ವಿಷಯದಲ್ಲಿ ಎಲ್ಲರಿಗೂ ಪಾಠವಾಗುವಂಥ ಅನುಭವವೊಂದು ಮಹಾತ್ಮಾ ಗಾಂಧಿಯವರ ಆತ್ಮಕಥೆಯಲ್ಲಿದೆ. 1888ರ ಸೆಪ್ಟೆಂಬರ್ 4ರಂದು ಅವರು ಮುಂಬಯಿಯಿಂದ ಇಂಗ್ಲೆಂಡಿಗೆ ಹಡಗು ಹತ್ತಿದರು. ಹೊರಡುವ ಮೊದಲು ಬೇಚರಜಿ ಸ್ವಾಮಿ ಎಂಬ ಜೈನ ಸಾಧುಗಳು ತಾಯಿಯ ಸಮ್ಮುಖದಲ್ಲಿ ಅವರಿಗೆ ಮದ್ಯ, ಮಾಂಸ, ಪರಸ್ತ್ರೀಯರನ್ನು ಮುಟ್ಟುವುದಿಲ್ಲವೆಂಬ ಪ್ರತಿಜ್ಞೆ ಮಾಡಿಸಿದ್ದರು. ಹಡಗಿನಲ್ಲಿ ಆ ತರುಣರಿಗೆ ಚಾಕು, ಮುಳ್ಳುಚಮಚಗಳನ್ನು ಹಿಡಿಯಲು ಬರುತ್ತಿರಲಿಲ್ಲ. ಯಾವ ಪದಾರ್ಥದಲ್ಲಿ ಮಾಂಸವಿಲ್ಲವೆಂದು ಕೇಳುವ ಧೈರ್ಯವೂ ಇರಲಿಲ್ಲ. ಆದಕಾರಣ ಅವರು ಊಟದ ಮೇಜಿಗೇ ಹೋಗದೆ, ಕಟ್ಟಿಕೊಂಡು ಬಂದಿದ್ದ ಸಿಹಿತಿಂಡಿ, ಹಣ್ಣುಗಳನ್ನು ತಮ್ಮ ಕೋಣೆಯಲ್ಲಿಯೇ ತಿಂದು ಕಾಲ ಕಳೆದರು. ಹಡಗಿನಲ್ಲಿ ಕಪ್ಪು ಸೂಟನ್ನು ತೊಟ್ಟು, ಇಳಿಯುವ ದಿನಕ್ಕೆಂದು ಬಿಳಿಯ ಫ್ಲಾನೆಲ್ ಸೂಟನ್ನು ಕಾದಿರಿಸಿದ್ದರು. ಸೌತಾಂಪ್ಟನ್ನಿನಲ್ಲಿ ಇಳಿದಾಗ ಅಲ್ಲಿ ಬಿಳಿಯ ಉಡುಪಿನಲ್ಲಿದ್ದವರು ಅವರೊಬ್ಬರೇ. ಉಳಿದ ಬಟ್ಟೆಗಳ ಪೆಟ್ಟಿಗೆಗಳು ಸಾಗಣೆಯವರ ಕೈಸೇರಿದ್ದವು. ಮರುದಿನ ಭಾನುವಾರವಾದ್ದರಿಂದ ಸೋಮವಾರದವರೆಗೆ ಅವು ಕೈಗೆ ಬರುವಂತಿರಲಿಲ್ಲ.

ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಪ್ರತಿಜ್ಞೆಯಿಂದ ಆ ತರುಣರಿಗೆ ಕಷ್ಟವಾಗಲಿಲ್ಲ, ಕಷ್ಟವಾದದ್ದು ಸಂಕೋಚದಿಂದ. ಪ್ರತಿಜ್ಞೆ ಏನನ್ನು ತಿನ್ನಬಾರದೆಂದು ಹೇಳಿತ್ತೇ ಹೊರತು ಬಾಗಿಲು ಹಾಕಿಕೊಂಡು ತಿನ್ನೆಂದು ಹೇಳಿರಲಿಲ್ಲ. ಮುಂದೆ 1921ರ ಸೆಪ್ಟೆಂಬರ್‌ನಲ್ಲಿ ಮದುರೆಯಲ್ಲಿ ಅವರು ಪೂರ್ಣ ಉಡುಪನ್ನು ತೊರೆದು ತುಂಡು ಪಂಚೆಯನ್ನುಟ್ಟರು. 1931ರಲ್ಲಿ ದುಂಡುಮೇಜಿನ ಪರಿಷತ್ತಿಗೆ ಹೋದಾಗ ಅದೇ ಪಂಚೆ, ಶಾಲುಗಳಲ್ಲಿ ಬಕಿಂಗ್‌ಹ್ಯಾಮ್ ಅರಮನೆಯ ಚಹಾಕೂಟಕ್ಕೆ ಹೋಗಿ ಐದನೆಯ ಜಾರ್ಜ್ ದೊರೆಯನ್ನು ಕಂಡರು. 43 ವರ್ಷಗಳ ಅಂತರದಲ್ಲಿ ಕಳಚಿಬಿದ್ದದ್ದು ಬಟ್ಟೆ ಮಾತ್ರವಲ್ಲ, ಸಂಕೋಚವೂ ಕೂಡ. 1893ರಲ್ಲಿ ಚಿಕಾಗೋ ನಗರದ ಸರ್ವಧರ್ಮ ಸಮ್ಮೇಳನದಲ್ಲಿ ಜೈನಧರ್ಮವನ್ನು ಪ್ರತಿನಿಧಿಸಿದ ವೀರಚಂದ ರಾಘವಜಿ ಗಾಂಧಿಯವರೂ ತಮ್ಮ ಪ್ರಾಂತದ ರುಮಾಲನ್ನು ಸುತ್ತಿಕೊಂಡೇ ವೇದಿಕೆ ಹತ್ತಿದ್ದರು. ಕೇಳಬಂದವರು ಅವರ ಮಾತನ್ನು ಆಲಿಸಿದರೇ ವಿನಾ ರುಮಾಲನ್ನು ಬಿಚ್ಚೆನ್ನಲಿಲ್ಲ.

ಈ ಸೀಮೆಯ ಚರಿತ್ರೆಯಲ್ಲಿಯೂ ಇದಕ್ಕೆ ನಿದರ್ಶನವಿದೆ. ಸೇಡಂ ತಾಲ್ಲೂಕಿನ ಮಳಖೇಡವು ಕಾಗಿಣಾ ನದಿಯ ದಡದ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. ಅಮೋಘವರ್ಷ ನೃಪತುಂಗನು ಆಳುತ್ತಿದ್ದ ಕಾಲದಲ್ಲಿಯೇ, 851ರಲ್ಲಿ ರಚಿತವಾದ ಅರಬರ ಪ್ರವಾಸಗ್ರಂಥವು ‘ಬಲ್ಹರಾ’ ಎಂಬ ಹೆಸರಿನಿಂದ ಇಲ್ಲಿಯ ವಲ್ಲಭರಾಜನನ್ನು ಲೋಕದ ಮಹಾರಾಜರ ಸಾಲಿನಲ್ಲಿ ಎಣಿಸಿದೆ. ಹತ್ತನೆಯ ಶತಮಾನದ ಅಲ್-ಮಸೂದಿ ಈ ರಾಜಧಾನಿಯನ್ನು ‘ಮಾನ್ಕೀರ್’ ಎಂದು ಕರೆದಿದ್ದಾನೆ. 851ರ ಆ ಗ್ರಂಥಕ್ಕೆ ಮುಂದಿನ ಶತಮಾನದಲ್ಲಿ ಅನುಬಂಧ ಬರೆದವನು ಸೀರಾಫಿನ ಅಬೂ ಜೈದ್. ಪರ್ಶಿಯಾದ ಕರಾವಳಿಯ ಆ ರೇವುಪಟ್ಟಣಕ್ಕೆ ಹಡಗಿನಲ್ಲಿ ಬರುತ್ತಿದ್ದ ಭಾರತದ ವರ್ತಕರನ್ನು ಅಲ್ಲಿಯ ಶ್ರೀಮಂತ ವ್ಯಾಪಾರಿಗಳು ಔತಣಕ್ಕೆ ಕರೆಯುತ್ತಿದ್ದ ರೀತಿಯನ್ನು ಅವನು ವರ್ಣಿಸಿದ್ದಾನೆ. ಅತಿಥಿಗಳು ನೂರು ಜನರಿದ್ದರೂ ಒಬ್ಬೊಬ್ಬರ ಮುಂದೆಯೂ ಬೇರೆ ಬೇರೆ ತಟ್ಟೆಯನ್ನೇ ಇಡಬೇಕಾಗಿತ್ತು; ಒಬ್ಬರ ತಟ್ಟೆಯಲ್ಲಿ ಇನ್ನೊಬ್ಬರು ಕೈಯಿಡುತ್ತಿರಲಿಲ್ಲ. ಒಂದೇ ಹರಿವಾಣದಲ್ಲಿ ಕೂಡಿ ಉಣ್ಣುವ ನಾಡಿನಲ್ಲಿ ಇದು ವಿಚಿತ್ರವಾಗಿ ಕಂಡಿರಬೇಕು. ಆದರೂ ಆತಿಥೇಯನು ತಟ್ಟೆಗಳನ್ನು ಒದಗಿಸಿದನು. ಅತಿಥಿಗಳು ಔತಣಕ್ಕೆ ಹೋದರು. ತಮ್ಮ ರೀತಿಯನ್ನು ಮುಚ್ಚಿಡದೆ ಹೇಳಿದವರಿಗೆ ಜಗತ್ತು ಸಾಮಾನ್ಯವಾಗಿ ಎಡೆ ಮಾಡಿಕೊಡುತ್ತದೆ.

ಹೊಲಿಗೆಯಿಲ್ಲದ ಬಟ್ಟೆ ಮಾನಕ್ಕೆ ಕಡಿಮೆಯೆಂಬ ಭಾವನೆಯಿದ್ದವರು ಚಿತ್ತಾಪುರ ತಾಲ್ಲೂಕಿನ ಕನಗನಹಳ್ಳಿಗೆ ಹೋಗಿ ಬರಬಹುದು. ಭೀಮಾ ತೀರದ ಆ ಬೌದ್ಧ ಸ್ತೂಪದ ಉತ್ಖನನದಲ್ಲಿ ದೊರೆತ ಶಿಲ್ಪವೊಂದರಲ್ಲಿ ಅಶೋಕ ಚಕ್ರವರ್ತಿ ರಾಣಿಯೊಡನೆ ನಿಂತಿದ್ದಾನೆ; ಅವನ ಹೆಸರನ್ನು ಬ್ರಾಹ್ಮೀ ಲಿಪಿಯಲ್ಲಿ ಕೆತ್ತಲಾಗಿದೆ. ಸೊಂಟಕ್ಕೆ ಉಟ್ಟ ವಸ್ತ್ರ, ತಲೆಗೆ ಸುತ್ತಿದ ಪಾಗು, ಇಷ್ಟರಲ್ಲಿಯೇ ಅವನು ಚಕ್ರವರ್ತಿಯಾಗಿ ಕಾಣುತ್ತಾನೆ. ಇನ್ನು ಹೊಲಿದ ಉಡುಪೇ ಬೇಕೆನ್ನುವವರಿಗೆ, 1948ರವರೆಗೆ ನಿಜಾಮರ ಆಡಳಿತದಲ್ಲಿದ್ದ ಈ ಸೀಮೆಯಲ್ಲಿ ಮುಚ್ಚುಕೊರಳಿನ ಉದ್ದನೆಯ ಶೇರ್ವಾನಿ ಹಿರಿಯರ ಕಾಲದಿಂದ ಪರಿಚಿತವೇ. ಅದನ್ನು ತೊಟ್ಟವರಿಗೆ ಟೈ ಬೇಕಾಗುವುದಿಲ್ಲ.

ಇನ್ನು ಬಟ್ಟೆಯ ಮೂಲದ ವಿಚಾರ. ಔಪಚಾರಿಕ ಸೂಟೆಂದರೆ ಸಾಮಾನ್ಯವಾಗಿ ಉಣ್ಣೆಯ ಅರಿವೆ, ರೇಷ್ಮೆಯ ಟೈ, ಚರ್ಮದ ಬೂಟು, ಚರ್ಮದ ಪಟ್ಟಿ. ಅಡಿಯಿಂದ ಮುಡಿಯವರೆಗೆ ಒಂದಲ್ಲ ಒಂದು ಜೀವಿಯಿಂದ ಪಡೆದದ್ದು. ಗಜ್ಜರಿ, ಆಲೂಗಡ್ಡೆಗಳನ್ನು ಬಿಟ್ಟವನು ಚರ್ಮದ ಪಟ್ಟಿಯನ್ನು ಬಿಗಿದುಕೊಂಡು ಜೈನ ಊಟವನ್ನು ಕೇಳಿದರೆ, ಬಡಿಸುವವನು ಏನೂ ಅನ್ನಲಿಕ್ಕಿಲ್ಲ; ಆದರೆ ಕೇಳಿದವನ ಮನಸ್ಸು ತನ್ನನ್ನು ತಾನು ಪ್ರಶ್ನಿಸಿಕೊಳ್ಳಬೇಕು. ರೇಷ್ಮೆಯ ವಿಷಯ ಇನ್ನೂ ಸೂಕ್ಷ್ಮವಾದದ್ದು. ಒಂದು ಗೂಡಿನ ನೂಲು ನೂರಾರು ಮೀಟರ್ ಉದ್ದದ ಒಂದೇ ಎಳೆ. ಹುಳು ಚಿಟ್ಟೆಯಾಗಿ ಗೂಡನ್ನು ತೂತುಮಾಡಿ ಹೊರಬಂದರೆ ಆ ಎಳೆ ತುಂಡಾಗುತ್ತದೆ. ಅದನ್ನು ತಡೆಯಲು ಬಿಸಿಗಾಳಿಯಲ್ಲಿ ಇಲ್ಲವೆ ಹಬೆಯಲ್ಲಿ ಹುಳುವನ್ನು ಒಳಗೇ ಕೊಲ್ಲುತ್ತಾರೆ. ಒಂದು ಸೀರೆಗೆ ಸಾವಿರಾರು ಗೂಡುಗಳು ಬೇಕು. ಪೂಜೆಗೂ ಮದುವೆಗೂ ಪಟ್ಟೆಯನ್ನು ಉಡುವ ರೂಢಿ ಹಳೆಯದಾದರೂ ಈ ಸತ್ಯ ಬದಲಾಗುವುದಿಲ್ಲ. ಹಿಪ್ಪುನೇರಳೆ ರೇಷ್ಮೆಯನ್ನು ದೇಶದಲ್ಲಿ ಅತಿ ಹೆಚ್ಚು ಬೆಳೆಯುವ ಕರ್ನಾಟಕದಲ್ಲಿ ಇದನ್ನು ಅರಿಯದವರು ಕಡಿಮೆ.

ಹಾಗೆಂದು ತಾಯಿಯ ಮದುವೆಯ ಸೀರೆಯನ್ನು ಅಪರಾಧಿಯೆಂಬಂತೆ ನೋಡುವುದು ತರವಲ್ಲ. ಜೈನಾಚಾರವು ಹಿಂಸೆಯನ್ನು ಕೃತ, ಕಾರಿತ, ಅನುಮೋದಿತ ಎಂದು ವಿಂಗಡಿಸಿದೆ: ತಾನು ಮಾಡಿದ್ದು, ಇನ್ನೊಬ್ಬರಿಂದ ಮಾಡಿಸಿದ್ದು, ಮಾಡಿದ್ದನ್ನು ಮೆಚ್ಚಿದ್ದು. ಪೆಟ್ಟಿಗೆಯಲ್ಲಿರುವ ಹಳೆಯ ಸೀರೆಯನ್ನು ಉಟ್ಟರೆ ಹೊಸ ಹುಳು ಸಾಯುವುದಿಲ್ಲ. ಹಡಗಿಗೆಂದು ಹೊಸದೊಂದನ್ನು ಕೊಂಡರೆ ಅದು ‘ಮಾಡಿಸಿದ್ದರ’ ಲೆಕ್ಕಕ್ಕೆ ಸೇರುತ್ತದೆ. ಹಳೆಯದನ್ನೇ ಉಟ್ಟರೂ, ನೋಡಿದವರು ಮೆಚ್ಚಲೆಂಬ ಆಸೆಯಿಂದ ಉಟ್ಟರೆ ಅನುಮೋದನೆಯ ಅಂಶ ಉಳಿಯುತ್ತದೆ. ಇದನ್ನು ತೂಗಿ ನೋಡಬೇಕಾದವಳು ಆ ತಾಯಿಯೇ ಹೊರತು ಮಕ್ಕಳಾಗಲಿ ನೆರೆಯವರಾಗಲಿ ಅಲ್ಲ.

ಬೇರೆ ದಾರಿಗಳಿಗೆ ಕೊರತೆಯಿಲ್ಲ. ಇಳಕಲ್ ಸೀರೆಯ ಒಡಲು ಹತ್ತಿಯದು. ಅದರ ಟೋಪ್‌ತೆನಿ ಸೆರಗನ್ನು ಅಸಲಿ ರೇಷ್ಮೆಯಲ್ಲದೆ ಕೃತಕ ರೇಷ್ಮೆಯಲ್ಲಿಯೂ ನೇಯುತ್ತಾರೆ. ಕೃತಕ ರೇಷ್ಮೆಯ ಮೂಲ ಮರದ ತಿರುಳೇ ಹೊರತು ಹುಳುವಲ್ಲ. ಉತ್ತರ ಕರ್ನಾಟಕದ ಯಾವ ಹೆಣ್ಣುಮಗಳೂ ಅದನ್ನುಟ್ಟು ಯಾವ ಸಭೆಯಲ್ಲಿಯೂ ತಲೆಯೆತ್ತಿ ಕೂಡಬಹುದು. ಚಿಟ್ಟೆ ಹೊರಬಿದ್ದ ಮೇಲೆ ಉಳಿದ ಗೂಡಿನಿಂದ ನೂಲು ತೆಗೆಯುವ ‘ಅಹಿಂಸಾ ರೇಷ್ಮೆ’ಯ ವಿಧಾನವನ್ನು ಹೈದರಾಬಾದಿನ ಕುಸುಮ ರಾಜಯ್ಯನವರು ರೂಪಿಸಿದ್ದಾರೆ; ಅದರ ಬಟ್ಟೆಗೆ ಬೆಲೆ ಹೆಚ್ಚು, ಹೊಳಪು ಕಡಿಮೆ. ಗಂಡಸರಿಗೆ ಹತ್ತಿಯ ಮುಚ್ಚುಕೊರಳಿನ ಕೋಟು, ಕ್ಯಾನ್ವಾಸ್ ಅಥವಾ ರೆಕ್ಸಿನ್ ಬೂಟುಗಳು ಎಲ್ಲ ಊರುಗಳಲ್ಲಿ ದೊರೆಯುತ್ತವೆ. ಇವುಗಳನ್ನು ಒಗೆದು ಇಸ್ತ್ರಿ ಮಾಡಿ ತೊಟ್ಟರೆ ಭೋಜನಶಾಲೆಯ ಬಾಗಿಲಲ್ಲಿ ತಡೆಯುವವರು ಇರಲಾರರು.

ಅಜ್ಜಿಯ ಪ್ರಶ್ನೆ ಇನ್ನೂ ಉಳಿದಿದೆ. ಸೂರ್ಯಾಸ್ತಕ್ಕೆ ಎರಡು ಘಳಿಗೆ, ಅಂದರೆ 48 ನಿಮಿಷ ಮುಂಚೆಯೇ ಊಟ ಮುಗಿಸುವವರಿಗೆ ಹಡಗಿನ ರಾತ್ರಿಭೋಜನವು ಭೋಜನವೇ ಅಲ್ಲ. ಡಿಸೆಂಬರ್ ಮೊದಲಲ್ಲಿ ಮುಂಬಯಿಯ ಕಡಲಿನಲ್ಲಿ ಸುಮಾರು ಆರು ಗಂಟೆಗೆ ಸೂರ್ಯ ಮುಳುಗುತ್ತಾನೆ. ಹಡಗುಗಳ ಮೊದಲ ಪಂಕ್ತಿಯೂ ಸಾಮಾನ್ಯವಾಗಿ ಆ ಹೊತ್ತಿಗೇ ಆರಂಭ. ವ್ರತಿಯಾದವನು ಐದು ಗಂಟೆಯ ಸುಮಾರಿಗೆ ಉಂಡಿರಬೇಕು. ಮನೆಯ ಗಡಿಯಾರದ ರೂಢಿಯೂ ಅಲ್ಲಿ ಸಾಲದು. ಒಂದು ರೇಖಾಂಶಕ್ಕೆ ನಾಲ್ಕು ನಿಮಿಷದ ಲೆಕ್ಕದಲ್ಲಿ, ಸೇಡಂ ಮುಂಬಯಿಗಿಂತ ಸುಮಾರು ನಾಲ್ಕೂವರೆ ರೇಖಾಂಶ ಪೂರ್ವಕ್ಕಿರುವುದರಿಂದ, ಅಲ್ಲಿ ಸೂರ್ಯ ಸುಮಾರು 18 ನಿಮಿಷ ಮೊದಲೇ ಮುಳುಗುತ್ತಾನೆ. ಹಡಗು ಪಶ್ಚಿಮಕ್ಕೆ ಸಾಗಿದಷ್ಟೂ ಅಸ್ತಮಾನ ತಡವಾಗುತ್ತದೆ. ನಡುವೆ ಹಡಗಿನವರು ತಮ್ಮ ಗಡಿಯಾರವನ್ನು ಹಿಂದೆ ಮುಂದೆ ತಿರುಗಿಸುತ್ತಾರೆ. ನಾರ್ವೆಯ ಉತ್ತರ ತುದಿಯಲ್ಲಂತೂ ಮೇ ಮಧ್ಯದಿಂದ ಜುಲೈ ಕೊನೆಯವರೆಗೆ ಸೂರ್ಯ ಮುಳುಗುವುದೇ ಇಲ್ಲ. ಅಂಥ ಕಡೆ ಹೋಗುವವರು ಹೊರಡುವ ಮೊದಲೇ ಗುರುಗಳನ್ನೋ ಹಿರಿಯರನ್ನೋ ಕೇಳಿ ಒಂದು ಹೊತ್ತನ್ನು ನಿಶ್ಚಯಿಸಿಕೊಳ್ಳುವುದು ಒಳ್ಳೆಯದು.

ಹಾಗಾದರೆ ಉಂಡು ಮುಗಿಸಿದವನು ರಾತ್ರಿಯ ಪಂಕ್ತಿಗೆ ಹೋಗಲೇಬಾರದೇ? ಹೋಗಬಹುದು. ಮಗ, ಸೊಸೆ, ಮೊಮ್ಮಕ್ಕಳು ದಿನವಿಡೀ ಸುತ್ತಾಡಿ ಒಟ್ಟಿಗೆ ಕೂಡುವ ಹೊತ್ತು ಅದೊಂದೇ. ತಟ್ಟೆ ಬೇಡವೆಂದು ನಗುತ್ತ ಹೇಳಿ ಅವರ ನಡುವೆ ಕುಳಿತುಕೊಂಡರೆ ವ್ರತಕ್ಕೂ ಕುಂದಿಲ್ಲ, ಮಕ್ಕಳಿಗೂ ಬೇಸರವಿಲ್ಲ. ಅಜ್ಜಿಯ ಪ್ರಶ್ನೆಗೆ ಉತ್ತರ ಇಲ್ಲಿಯೇ ದೊರೆಯುತ್ತದೆ. ಉಣ್ಣದವನಿಗೂ ಉಡುಪಿನ ಚಿಂತೆ ಬೇಕು. ಏಕೆಂದರೆ ಅವನು ಅಲ್ಲಿಗೆ ಹೋದದ್ದೇ ಜೊತೆಯವರಿಗಾಗಿ. ನಾಲಗೆಗೆ ಏನೂ ಸಲ್ಲದಿದ್ದ ಮೇಲೆ ಅವನು ಪಂಕ್ತಿಗೆ ಕೊಡಬಹುದಾದದ್ದು ಒಳ್ಳೆಯ ಮಾತು, ಶುಚಿಯಾದ ಉಡುಪು, ಸಮಾಧಾನದ ಮುಖ.

ಎಷ್ಟು ಬಟ್ಟೆ ಒಯ್ಯಬೇಕೆಂಬುದಕ್ಕೂ ಹಿಂದಿನವರು ದಾರಿ ತೋರಿಸಿದ್ದಾರೆ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಭೋಗೋಪಭೋಗ ಪರಿಮಾಣ ವ್ರತವನ್ನು ವಿವರಿಸುವಾಗ ಭೋಜನ, ವಾಹನ, ಶಯನಗಳ ಜೊತೆಗೆ ವಸ್ತ್ರ, ಭೂಷಣಗಳನ್ನೂ ಹೆಸರಿಸಿದೆ. ಒಂದು ಹಗಲು, ಒಂದು ರಾತ್ರಿ, ಒಂದು ಪಕ್ಷ, ಒಂದು ಮಾಸ, ಒಂದು ಋತು, ಒಂದು ಅಯನ, ಹೀಗೆ ಅವಧಿಯನ್ನು ಗೊತ್ತುಮಾಡಿಕೊಂಡು ಅವುಗಳ ಬಳಕೆಗೆ ಎಲ್ಲೆ ಹಾಕಿಕೊಳ್ಳಬಹುದು. ಅವಧಿಯಿದ್ದದ್ದು ನಿಯಮ, ಜೀವನಪರ್ಯಂತವಾದದ್ದು ಯಮ. ಏಳು ದಿನದ ಯಾನಕ್ಕೆ ಇದಕ್ಕಿಂತ ಹೊಂದುವ ವ್ಯವಸ್ಥೆ ಬೇರೆ ಬೇಕಿಲ್ಲ. ಹಗಲಿಗೆ ಮೂರು ಜೊತೆ, ಸಂಜೆಗೆ ಒಂದು ಒಳ್ಳೆಯ ಜೊತೆ ಎಂದು ಮನೆಯಲ್ಲಿಯೇ ನಿಯಮ ಮಾಡಿಕೊಂಡರೆ ಪೆಟ್ಟಿಗೆಯೂ ಹಗುರ, ಮನಸ್ಸೂ ಹಗುರ. ಅದೇ ಸಂಜೆಯ ಉಡುಪು ಎರಡನೆಯ ರಾತ್ರಿಯೂ ಕಾಣಿಸಿಕೊಂಡರೆ ಯಾರೂ ಲೆಕ್ಕವಿಡುವುದಿಲ್ಲ, ಲೆಕ್ಕವಿಟ್ಟರೂ ನಷ್ಟವಿಲ್ಲ.

ಸರಳತೆಯಲ್ಲಿಯೂ ಒಂದು ಅಪಾಯವಿದೆ. ಪರಿಗ್ರಹವನ್ನು ಕಡಿಮೆ ಮಾಡಿದವನಿಗೆ ಮಾನಕಷಾಯವು ಇನ್ನೊಂದು ಬಾಗಿಲಿನಿಂದ ಬರಬಹುದು. ಸೂಟಿನ ಸಾಲಿನಲ್ಲಿ ತಾನೊಬ್ಬನೇ ಧೋತರದವನೆಂದು ಬೀಗುವುದಕ್ಕೂ, ಧೋತರದ ಸಾಲಿನಲ್ಲಿ ತಾನೊಬ್ಬನೇ ಸೂಟಿನವನೆಂದು ಬೀಗುವುದಕ್ಕೂ ಹೆಚ್ಚಿನ ಅಂತರವಿಲ್ಲ. ಪಕ್ಕದ ಮೇಜಿನವರ ಚರ್ಮದ ಬೂಟನ್ನೋ ರೇಷ್ಮೆಯ ಸೀರೆಯನ್ನೋ ಎಣಿಸುತ್ತ ಕುಳಿತವನು ಹತ್ತಿಯನ್ನುಟ್ಟೂ ಫಲ ಕಾಣಲಾರನು. ಮಗನು ಸೂಟನ್ನೇ ತೊಟ್ಟು ಬಂದರೆ ತಂದೆ ಅದನ್ನು ಪಂಕ್ತಿಯ ಮಧ್ಯದಲ್ಲಿ ಚರ್ಚೆಗೆ ಎತ್ತಬೇಕಾಗಿಲ್ಲ.

ಮೇಲೆ ಹೇಳಿದ ಆತ್ಮಕಥೆಯಲ್ಲಿ ಮತ್ತೊಂದು ಪ್ರಸಂಗವಿದೆ. ಯಾನದಲ್ಲಿ ತಾವು ಮಾಂಸ ಮುಟ್ಟಲಿಲ್ಲವೆಂಬ ಪ್ರಮಾಣಪತ್ರವನ್ನು ಗಾಂಧಿಯವರು ಸಹಪ್ರಯಾಣಿಕರೊಬ್ಬರಿಂದ ಬರೆಸಿಕೊಂಡು ಕೆಲಕಾಲ ಜೋಪಾನವಾಗಿ ಇರಿಸಿಕೊಂಡಿದ್ದರು. ಮಾಂಸ ತಿಂದವರಿಗೂ ಅಂಥ ಪತ್ರ ದೊರೆಯಬಲ್ಲದೆಂದು ತಿಳಿದ ಮೇಲೆ ಅದರ ಮೇಲಿನ ಮೋಹ ಹೋಯಿತು. ಉಡುಪಿಗೂ ಈ ಮಾತು ಸಲ್ಲುತ್ತದೆ. ಅದು ಉಟ್ಟವನ ವ್ರತಕ್ಕೆ ಪ್ರಮಾಣಪತ್ರವಾಗಲಾರದು. ಅದು ವ್ರತಕ್ಕೆ ಅಡ್ಡಿಯಾಗದಿದ್ದರೆ ಸಾಕು, ಜೊತೆಯವರಿಗೆ ಆದರ ತೋರಿಸಿದರೆ ಸಾಕು.

ಪ್ರವಾಸ ಗೊತ್ತುಮಾಡುವ ಕುಟುಂಬಗಳೂ, ಯಾತ್ರೆಗಳನ್ನು ಏರ್ಪಡಿಸುವ ಬಸದಿಯ ಟ್ರಸ್ಟುಗಳೂ ಹೊರಡುವ ಮೊದಲು ಹಡಗಿನವರಿಗೆ ಒಂದು ಕಾಗದ ಬರೆಯುವುದು ಒಳಿತು. ಸೂರ್ಯಾಸ್ತಕ್ಕೆ ಒಂದು ತಾಸು ಮೊದಲು ಊಟ ಸಿಗುವುದೇ, ಭಾರತೀಯ ಉಡುಪಿನಲ್ಲಿ, ಚರ್ಮದ ಬೂಟಿಲ್ಲದೆ ದೊಡ್ಡ ಭೋಜನಶಾಲೆಗೆ ಬರಬಹುದೇ, ಊಟ ಮಾಡದೆಯೂ ಕುಟುಂಬದ ಜೊತೆ ಕೂಡಬಹುದೇ ಎಂಬ ಮೂರು ಪ್ರಶ್ನೆಗಳನ್ನು ಕೇಳಿದರೆ ಸಾಕು. ಕೇಳದೆ ಹೋದವರು ಕೋಣೆಯ ಬಾಗಿಲು ಹಾಕಿಕೊಂಡು ಹಣ್ಣು ತಿನ್ನಬೇಕಾದೀತು. ಕೇಳಿಕೊಂಡು ಹೋದವರಿಗೆ ಹಗಲಿರುವಾಗಲೇ ಊಟ ಸಿಗುತ್ತದೆ. ರಾತ್ರಿ ಮಕ್ಕಳ ಪಕ್ಕದಲ್ಲಿ ಒಂದು ಕುರ್ಚಿಯೂ ಇರುತ್ತದೆ.